ಹಲಸಣ್ಣನ ಕಿವಿಗೆ ಹೇಳಿದ ಮಾತು

ಕಣ್ಣಿಗೆ ಕಾಣದೆ ಕೈಹಿಡಿದು ನಡೆಸುವ ಬೆಟ್ಟದೊಡೆಯನನ್ನು ನೆನೆದು ಈ ಕತೆ ಹೇಳುತ್ತೇನೆ. ಕೇಳುವವರ ಮನಸ್ಸು ತಣ್ಣಗಿರಲಿ.

ಬಹಳ ಕಾಲದ ಹಿಂದೆ, ಕೆರೆಗಳ ಆಚೆ, ಕಾಡುಗಳ ಈಚೆ, ಮಂದಾರವತಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ನೀರು ಸೇದುವುದು, ಭತ್ತ ಕುಟ್ಟುವುದು, ಅಂಗಳ ಗುಡಿಸುವುದು ಎಲ್ಲವೂ ಮರದ ಬೊಂಬೆಗಳ ಕೆಲಸ. ಹಾಗೆಂದು ಬೊಂಬೆ ತಾನಾಗಿ ಏನೂ ಮಾಡುತ್ತಿರಲಿಲ್ಲ. ಅದನ್ನು ಗುರುಮನೆಗೆ ಹೊತ್ತು ತಂದು, ಬೆಟ್ಟದೊಡೆಯನ ದೀಪದ ಮುಂದೆ ಕೂರಿಸಿ, ಕಿವಿಯ ಬಿರಟೆ ತೆಗೆದು, ಆಜ್ಞೆ ಹೇಳಿ, ಮತ್ತೆ ಬಿರಟೆ ಹಾಕಬೇಕು. ಆಮೇಲೆ ಹೊರಗೆ ಎಷ್ಟು ಕೂಗಿಕೊಂಡರೂ ಅದಕ್ಕೆ ಕೇಳದು. ಒಳಗೆ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತದೆ, ಕೂದಲೆಳೆಯಷ್ಟು ಹೆಚ್ಚಿಲ್ಲ, ಕೂದಲೆಳೆಯಷ್ಟು ಕಡಿಮೆಯಿಲ್ಲ.

ಆ ರಾಜ್ಯಕ್ಕೆ ಒಂದು ಕಟ್ಟಳೆಯಿತ್ತು. ಆಜ್ಞೆ ಯಾವುದೇ ಇರಲಿ, ಮೊದಲು ಎಣಿಕೆ ಹೇಳಬೇಕು, ಆಮೇಲೆ ಕೆಲಸ. 'ಹತ್ತು ಸಲ: ಕೊಡ ಇಳಿಸು, ನೀರು ಸೇದು, ತೊಟ್ಟಿಗೆ ಸುರಿ.' ಹೀಗೆ. ಎಣಿಕೆಯಿಲ್ಲದ ಆಜ್ಞೆ ಮಹಾಪಾಪ. ಯಾಕೆಂದರೆ ಹಿಂದೊಬ್ಬ ರಾಣಿ ತವರಿನ ಮದುವೆಗೆ ಹೊರಡುವ ಅವಸರದಲ್ಲಿ ಬೊಂಬೆಯ ಕಿವಿಗೆ "ಅಂಗಳ ಗುಡಿಸುತ್ತಾ ಇರು" ಎಂದಷ್ಟೇ ಹೇಳಿ ಪಲ್ಲಕ್ಕಿ ಹತ್ತಿದ್ದಳಂತೆ. ಮದುವೆ ಮುಗಿಸಿ, ಮಡಿಲು ತುಂಬಿಸಿಕೊಂಡು ಬರುವಷ್ಟರಲ್ಲಿ ಅಂಗಳವಿರಲಿಲ್ಲ. ಆನೆ ಮುಳುಗುವಷ್ಟು ಹಳ್ಳವಿತ್ತು, ಹಳ್ಳದ ತಳದಲ್ಲಿ ಬೊಂಬೆ ಇನ್ನೂ ಗುಡಿಸುತ್ತಿತ್ತು. ಮಳೆ ಬಂದು ಅದು ಕೊಳವಾಯಿತು. ಅರಮನೆಯ ಮುಂದಿನ ಆ ಕೊಳಕ್ಕೆ ಜನ 'ಗುಡಿಸಿದ ಕೊಳ' ಎಂದೇ ಹೆಸರಿಟ್ಟರು. ಅಂದಿನಿಂದ ಅಲ್ಲಿಯ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಎಣಿಕೆ ಕಲಿಸುವುದು ರೂಢಿಯಾಯಿತು.

ಆ ಊರಿನಲ್ಲಿ ಇರುಗ ಎಂಬ ತರುಣನಿದ್ದ. ತಾಯಿತಂದೆ ಇಲ್ಲದ ಅವನನ್ನು ಸಾಕಿ ಬೆಳೆಸಿದವಳು ಅಕ್ಕ ಚಂದಲೆ. ಚಂದಲೆ ದಿನವೂ ಮುಂಜಾನೆ ಬೆಟ್ಟದೊಡೆಯನ ಗುಡಿಯಲ್ಲಿ ಹಾಡುತ್ತಿದ್ದಳು. ಅವಳ ಹಾಡು ಕೇಳಿದ ಮೇಲೆಯೇ ಊರಿನವರು ಒಲೆ ಹೊತ್ತಿಸುತ್ತಿದ್ದರು. ಇರುಗನಿಗೆ ಮಾತ್ರ ಮಾತು ಸರಾಗವಿರಲಿಲ್ಲ. ಮೊದಲ ಅಕ್ಷರದಲ್ಲೇ ನಾಲಗೆ ಸಿಕ್ಕಿಕೊಂಡು ಬಿಡುತ್ತಿತ್ತು. ಹಾಡಿದರೆ ಸಿಕ್ಕಿಕೊಳ್ಳುತ್ತಿರಲಿಲ್ಲ. ಅದನ್ನು ಕಂಡ ಗುರುಮನೆಯ ನಾಗಲಾಂಬೆ, "ಬೊಂಬೆಗೆ ರಾಗವಾಗಿ ಹೇಳಿದರೂ ತಿಳಿಯುತ್ತದೆ, ಬಾರಪ್ಪ" ಎಂದು ಅವನನ್ನು ಶಿಷ್ಯನಾಗಿ ಸೇರಿಸಿಕೊಂಡಳು. ಹಲಸಿನ ಮರದಲ್ಲಿ ಕಡೆದ ಹಳೆಯ ಬೊಂಬೆಯೊಂದನ್ನು ಕಲಿಯಲು ಕೊಟ್ಟಳು. ಅದಕ್ಕೆ ಹಲಸಣ್ಣ ಎಂದು ಹೆಸರು. ಇರುಗನಿಗೆ ಆಗಿನ್ನೂ ಕಲಿಕೆಯ ಮೊದಲ ಪಾಠ. ಇಷ್ಟು ಸಲ ಕುಟ್ಟು, ಇಷ್ಟು ಸಲ ಕೇರು, ಅಷ್ಟೇ.

ಹೀಗಿರುವಾಗ ಆ ರಾಜ್ಯದ ಮೇಲೆ ಧೂಮಜಟ ಎಂಬ ಮಾಂತ್ರಿಕನ ಕಣ್ಣು ಬಿತ್ತು. ಅವನು ಸರೋವರದ ಆಚೆಯ ಗವಿಯಲ್ಲಿ ವಾಸವಾಗಿದ್ದ. ಅವನಿಗೆ ಚಿನ್ನ ಬೇಡ, ನೆಲ ಬೇಡ, ಜನರ ದನಿ ಬೇಕು. ಒಂದು ಬೆಳಗ್ಗೆ ಹೊಗೆಯಂಥ ಗಾಳಿ ಬೀಸಿತು. ಯಾರು ಬಾಯಿ ತೆರೆದರೋ ಅವರ ದನಿ ಹಕ್ಕಿಯಾಗಿ ಹೊರಗೆ ಹಾರಿ, ಗಾಳಿಯ ಹಿಂದೆ ಹೋಯಿತು. ಮೊದಲು ಗುರುಮನೆಯವರ ದನಿ ಹೋಯಿತು, ನಾಗಲಾಂಬೆ ಮೂಕಿಯಾದಳು. ಮರುದಿನ ಗುಡಿಯಲ್ಲಿ ಚಂದಲೆ ಹಾಡಲು ಬಾಯಿ ತೆರೆದಳು. ಬೆಳ್ಳಗಿನ ಪುಟ್ಟ ಹಕ್ಕಿಯೊಂದು ತುಟಿಯಿಂದ ಹಾರಿತು. ಹಾಡು ಅಲ್ಲಿಗೇ ನಿಂತಿತು. ಆ ದಿನ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಲಿಲ್ಲ.

ಇರುಗನ ಬಳಿಗೂ ಆ ಗಾಳಿ ಬಂದಿತ್ತು. ಅವನು ಅಕ್ಕನನ್ನು ಕೂಗಲು ಬಾಯಿ ತೆರೆದಿದ್ದ. ನಾಲಗೆ ಸಿಕ್ಕಿಕೊಂಡಿತು. ಗಾಳಿ ಕಾದಿತು, ಕಾದಿತು, ಬೇಸರ ಬಂದು ಹೊರಟೇಹೋಯಿತು. ದೇವರು ಕೊಟ್ಟಿದ್ದರಲ್ಲಿ ಯಾವುದು ಕೊರತೆ, ಯಾವುದು ಕವಚ, ನಮಗೆ ಹೇಗೆ ಗೊತ್ತಾಗಬೇಕು?

ಗುಡಿಯ ಮುದಿ ಪೂಜಾರಿ ಇದ್ದ ವಿಷಯ ಬಿಡಿಸಿ ಹೇಳಿದ. ದನಿಹಕ್ಕಿಗಳು ಧೂಮಜಟನ ಗವಿಯಲ್ಲಿ ಒಂದೊಂದು ಗೂಡಿನಲ್ಲಿ ಸೆರೆಯಾಗಿವೆ. ಮನುಷ್ಯರ ಕೈ ಆ ಗೂಡಿಗೆ ತಾಗಿದರೆ ಅವರ ದನಿಯೂ ಅಲ್ಲೇ ಸೇರುತ್ತದೆ, ಮರದ ಕೈಯೇ ತೆರೆಯಬೇಕು. ಒಂದು ಗೂಡು ಮುಚ್ಚಿ ಉಳಿದರೂ ಹಾರಿದ ಹಕ್ಕಿಗಳೆಲ್ಲ ಮರಳಿ ಬಂದು ಸೆರೆಯಾಗುತ್ತವೆ. ಅಮಾವಾಸ್ಯೆಯೊಳಗೆ ಬಿಡಿಸದಿದ್ದರೆ ಹಕ್ಕಿಗಳು ಕಲ್ಲಾಗುತ್ತವೆ. ಇಷ್ಟು ಹೇಳಿ ಅವನು ಬಾಯಿಗೆ ಬಟ್ಟೆ ಕಟ್ಟಿಕೊಂಡ, ತನ್ನ ದನಿಯೂ ಹೋದೀತೆಂಬ ಹೆದರಿಕೆಗೆ.

ಬೊಂಬೆಗೆ ಆಜ್ಞೆ ಹೇಳಬಲ್ಲವರಲ್ಲಿ ದನಿ ಉಳಿದವನು ಇರುಗ ಒಬ್ಬನೇ. ಅವನು ಅರಮನೆಗೆ ಹೋಗಿ, ನಾನು ಹೋಗಿಬರುತ್ತೇನೆ, ಅಪ್ಪಣೆ ಕೊಡಿ ಎಂದು ಕೇಳಲು ನಿಂತ. ಅದಿಷ್ಟನ್ನು ಹೇಳುವಷ್ಟರಲ್ಲಿ ಬಿಸಿಲು ಕಂಬದಿಂದ ಕಂಬಕ್ಕೆ ಸರಿದಿತ್ತು. ಬಾಗಿಲ ದಂಡನಾಯಕ ಮೀಸೆಯಲ್ಲೇ ನಕ್ಕ.

"ನೀನು ಅಲ್ಲಿಗೆ ಹೋಗಿ 'ಬಿಡು' ಅನ್ನುವ ಹೊತ್ತಿಗೆ ಅಮಾವಾಸ್ಯೆ ಕಳೆದು ಹುಣ್ಣಿಮೆ ಬಂದಿರುತ್ತೆ ಕಣಪ್ಪ."

ದನಿ ಕಳೆದುಕೊಂಡಿದ್ದ ಅರಸ ಮಾತ್ರ ನಗಲಿಲ್ಲ. ಸಿಂಹಾಸನದಿಂದ ಇಳಿದು ಬಂದು ಇರುಗನ ಕೈಗೆ ವೀಳ್ಯ ಕೊಟ್ಟ. ದಂಡನಾಯಕ ಮೀಸೆ ನೇವರಿಸಿಕೊಂಡು ಪಕ್ಕಕ್ಕೆ ಸರಿದ.

ಸರೋವರ ದಾಟಬೇಕೆಂದರೆ ದೋಣಿ ನಡೆಯದು. ಅಲ್ಲೊಂದು ಮಾಯದ ಆಮೆಯಿತ್ತು, ಬಂಡೆಯಷ್ಟು ದೊಡ್ಡದು. ಅದಕ್ಕೆ ಬೊಂಬೆಯ ಕೈಯಿಂದ ತಂಬಿಟ್ಟಿನ ಉಂಡೆ ತಿನ್ನಿಸಿದರೆ ಬೆನ್ನ ಮೇಲೆ ಕೂರಿಸಿಕೊಂಡು ದಾಟಿಸುತ್ತಿತ್ತು. ಹಿಂದೆ ದಂಡನಾಯಕನೇ ಒಂದು ಬೊಂಬೆಗೆ ಹತ್ತು ಸಲ ತಿನ್ನಿಸಲು ಹೇಳಿಸಿಕೊಂಡು ಹೋಗಿದ್ದ. ಆಮೆಯ ಹಸಿವು ತೀರಲಿಲ್ಲ, ಮುನಿಸಿಕೊಂಡು ನೀರಿಗಿಳಿಯಿತು. ಇರುಗ ಇದನ್ನು ಕೇಳಿ ತಿಳಿದಿದ್ದ. ಹಾಗಾಗಿ ಹಲಸಣ್ಣನನ್ನು ದೀಪದ ಮುಂದೆ ಕೂರಿಸಿ, ಬಿರಟೆ ತೆಗೆದು, ರಾಗವಾಗಿ ಹಾಡಿದ: 'ಇಪ್ಪತ್ತು ಸಲ: ಉಂಡೆ ತೆಗೆ, ಆಮೆಯ ಬಾಯಿಗಿಡು.' ಚಂದಲೆ ತಂಬಿಟ್ಟು ಕಟ್ಟಿ ಬುಟ್ಟಿ ತುಂಬಿಸಿದಳು. ತಮ್ಮನ ಹಣೆಗೆ ವಿಭೂತಿ ಹಚ್ಚಿದಳು. ಹರಸಲು ದನಿಯಿರಲಿಲ್ಲ, ಕೈ ತಲೆಯ ಮೇಲೆ ಸ್ವಲ್ಪ ಹೊತ್ತು ಇತ್ತು.

ಆದರೆ ಆ ದಿನ ಆಮೆಗೆ ಅಷ್ಟು ಹಸಿವಿರಲಿಲ್ಲ. ಅರ್ಧಕ್ಕೇ ಹೊಟ್ಟೆ ತುಂಬಿತು. ಹಲಸಣ್ಣ ಬಿಡಬೇಕಲ್ಲ? ತೆಗೆದ, ಇಟ್ಟ, ತೆಗೆದ, ಇಟ್ಟ. ಆಮೆ ತಲೆ ತಿರುಗಿಸಿತು, ಅವನೂ ತಿರುಗಿದ. ಆಮೆ ಬಾಯಿ ಮುಚ್ಚಿತು, ಮೂಗಿಗೆ ಮೆತ್ತಿದ. ಇರುಗ ಸಾಕು ಸಾಕು ಎಂದು ಅಂಗಲಾಚಿದರೂ ಬಿರಟೆ ಹಾಕಿದ ಕಿವಿಗೆ ಏನು ಕೇಳೀತು? ಆಮೆ ಕೆಮ್ಮಿ, ಸೀನಿ, ದಡದ ಅಂಚಿನಲ್ಲಿದ್ದ ಇಬ್ಬರನ್ನೂ ನೀರಿಗೆ ಕೆಡವಿ ಮುಳುಗಿತು. ಹಲಸಿನ ಮರ ನೀರಿನಲ್ಲಿ ತೇಲುತ್ತದೆ, ಬೆಟ್ಟದೊಡೆಯನ ಕೃಪೆ. ಇರುಗ ಅವನನ್ನೇ ತಬ್ಬಿಕೊಂಡು ದಡ ಸೇರಿದ.

ಒದ್ದೆಯಾಗಿ ಗುರುಮನೆಗೆ ಬಂದವನಿಗೆ ನಾಗಲಾಂಬೆ ಏನೂ ಗದರಲಿಲ್ಲ, ಗದರಲು ದನಿಯೂ ಇರಲಿಲ್ಲ. ಬೆನ್ನು ಒರೆಸಿ, ಅವನ ಕೈಗೆ ಖಾಲಿ ಬಟ್ಟಲು ಕೊಟ್ಟು, ಗಂಜಿಯ ಸೌಟು ಹಿಡಿದು ಹುಬ್ಬು ಎತ್ತಿದಳು. ಎಷ್ಟು ಹಾಕಲಿ, ಎಂದು ಅದರ ಅರ್ಥ. ಇರುಗ ಖಾಲಿ ಬಟ್ಟಲನ್ನೇ ನೋಡುತ್ತಾ ಕುಳಿತ. ಹೊಟ್ಟೆ ಅವನದು, ಹಸಿವು ಅವನದು, ಅದಕ್ಕೇ ಗುರು ಅವನನ್ನು ಕೇಳಿದಳು. ತಾನು ಆಮೆಯನ್ನು ಕೇಳಿದೆನೇ? ಮನೆಯಲ್ಲೇ ಕುಳಿತು ಅದರ ಹಸಿವಿಗೆ ಎಣಿಕೆ ಕಟ್ಟಿದ್ದೆನಲ್ಲ!

ಗಂಜಿ ಕುಡಿದವನೇ ಹಲಸಣ್ಣನ ಬಿರಟೆ ತೆಗೆದ. ಅವನ ಎಡಗೈಗೆ ಆ ಖಾಲಿ ಬಟ್ಟಲನ್ನು ಕಟ್ಟಿದ. ಹಾಡಿದ: 'ಬಟ್ಟಲಲ್ಲಿ ಎಷ್ಟು ಹುಣಸೆಬೀಜ ಬಿದ್ದಿದೆಯೋ ಅಷ್ಟು ಸಲ: ಒಂದು ಬೀಜ ಎಸೆ, ಒಂದು ಉಂಡೆ ಆಮೆಯ ಬಾಯಿಗಿಡು. ಗವಿ ಸೇರಿದ ಮೇಲೆ ಬಟ್ಟಲಲ್ಲಿ ಎಷ್ಟು ಬೀಜ ಬಿದ್ದಿದೆಯೋ ಅಷ್ಟು ಸಲ: ಒಂದು ಬೀಜ ಎಸೆ, ಒಂದು ಗೂಡು ತೆರೆ.' ನಾಗಲಾಂಬೆಯ ಕಣ್ಣು ಅರಳಿತು. ಕಟ್ಟಳೆ ಮುರಿದಿರಲಿಲ್ಲ. ಎಣಿಕೆಯೇ ಮೊದಲಿತ್ತು. ಆದರೆ ಎಷ್ಟು ಎಂಬುದು ಇನ್ನೂ ಹುಟ್ಟಿರಲಿಲ್ಲ, ಅದಕ್ಕೊಂದು ಜಾಗ ಮಾತ್ರ ಇಟ್ಟಿತ್ತು. ದೇವರ ಮುಂದೆ ನಾವು ಕೈಯೊಡ್ಡುವುದೂ ಹೀಗೆಯೇ ತಾನೆ? ಕೈ ನಮ್ಮದು, ತುಂಬುವುದು ಅವನಿಗೆ ಬಿಟ್ಟದ್ದು.

ಎರಡನೆಯ ಸಲ ಸರೋವರದ ದಡದಲ್ಲಿ ಇರುಗ ಕೈಮುಗಿದು ನಿಂತ. ಮಾತು ಸಿಕ್ಕಿಕೊಂಡು, ಬಿಡಿಸಿಕೊಂಡು, ಕೊನೆಗೆ ಬಂತು.

"ಅಜ್ಜಾ, ಇವತ್ತು ನಿನಗೆ ಎಷ್ಟು ಬೇಕು?"

ಆಮೆ ಚಿಪ್ಪಿನಿಂದ ಕತ್ತು ಹೊರಗೆ ಚಾಚಿತು. "ಈ ನೀರಿಗೆ ನಾನು ಇಳಿದಾಗ ಈ ಬೆಟ್ಟಕ್ಕೆ ಇನ್ನೂ ಹೆಸರಿರಲಿಲ್ಲ ಮಗಾ. ಅಲ್ಲಿಂದ ಇಲ್ಲಿಯವರೆಗೆ ಒಬ್ಬರೂ ಇದನ್ನು ಕೇಳಿರಲಿಲ್ಲ. ಏಳು ಸಾಕು. ಎಳ್ಳು ಜಾಸ್ತಿ ಇರೋದು ಕೊಡು."

ಇರುಗ ಬಟ್ಟಲಿಗೆ ಏಳು ಹುಣಸೆಬೀಜ ಹಾಕಿದ. ಹಲಸಣ್ಣ ಏಳು ಉಂಡೆ ತಿನ್ನಿಸಿ ನಿಂತ. ಆಮೆ ಇಬ್ಬರನ್ನೂ ಹೊತ್ತು ಆಚೆ ದಡಕ್ಕೆ ಬಿಟ್ಟಿತು.

ಗವಿಯ ಬಾಯಲ್ಲಿ ನಿಂತು ಇರುಗ ಒಳಗೆ ನೋಡಿದ. ಗೋಡೆಯ ತುಂಬ ಬಿದಿರಿನ ಗೂಡುಗಳು, ಒಂದೊಂದರಲ್ಲಿ ಒಂದೊಂದು ಹಕ್ಕಿ. ಅಕ್ಕನ ಬೆಳ್ಳನೆಯ ಹಕ್ಕಿ ಅವನನ್ನು ಕಂಡು ರೆಕ್ಕೆ ಬಡಿಯಿತು. ಅವನು ಸಾವಧಾನವಾಗಿ ಎಣಿಸಿದ, ಗೂಡಿಗೊಂದರಂತೆ ಬೀಜ ಬಟ್ಟಲಿಗೆ ಹಾಕಿದ. ಕೊನೆಯ ಬೀಜ 'ಟಕ್' ಎಂದು ಬೀಳುತ್ತಲೇ ಗೋಡೆಯಲ್ಲಿ ಹೊಸದೊಂದು ಗೂಡು ಮೂಡಿತು. ಇನ್ನೊಂದು ಬೀಜ ಹಾಕಿದ. ಇನ್ನೊಂದು ಗೂಡು ಮೂಡಿತು. ಮತ್ತೂ ಒಂದು ಹಾಕಿದ. ಮತ್ತೂ ಒಂದು ಮೂಡಿತು.

ಆಗ ಹೊಗೆಯ ನಡುವಿನಿಂದ ಧೂಮಜಟ ಬಂದ. ಅವನ ಜಡೆಯಿಂದ ಹೊಗೆ ಏಳುತ್ತಿತ್ತು. ಅವನು ಮಾತಾಡಿದ್ದು ಕೇಳಿ ಇರುಗ ಬೆಳ್ಳನೆಯ ಹಕ್ಕಿಯ ಗೂಡಿನ ಕಡೆ ತಿರುಗಿದ. ಅದು ಅಕ್ಕನ ದನಿ. ಅವನಿಗೆ ತನ್ನದೆಂಬ ದನಿಯೇ ಇರಲಿಲ್ಲ. ಕದ್ದದ್ದರಲ್ಲೇ ಒಂದನ್ನು ಆರಿಸಿ ಮಾತಾಡುತ್ತಿದ್ದ.

"ಇರುಗಾ, ಎಷ್ಟು ಅಂತ ಹೇಳು ಕಂದಾ. ನೀನು ಎಷ್ಟು ಅಂದರೂ ನನ್ನ ಹತ್ತಿರ ಅದಕ್ಕಿಂತ ಒಂದು ಹೆಚ್ಚಿಗೆ ಇರುತ್ತೆ. ನಿಮ್ಮೂರಿನವರಿಗೆ ಎಣಿಸದೆ ಏನೂ ಬರೋದಿಲ್ಲ ಅಂತ ನನಗೆ ಗೊತ್ತು."

ಹಲಸಣ್ಣ ಬಟ್ಟಲು ಖಾಲಿಯಾಗುವವರೆಗೆ ಗೂಡುಗಳನ್ನು ತೆರೆದ, ನಿಂತ. ಒಂದು ಗೂಡು ಉಳಿದಿತ್ತು. ಆಕಾಶಕ್ಕೆ ಹಾರಿದ್ದ ಹಕ್ಕಿಗಳೆಲ್ಲ ತಲೆ ತಗ್ಗಿಸಿಕೊಂಡು ಮರಳಿ ಬಂದು ತಂತಮ್ಮ ಗೂಡು ಸೇರಿದವು. ಬಾಗಿಲುಗಳು ಒಂದೊಂದಾಗಿ ಮುಚ್ಚಿದವು.

ಇರುಗ ದಡದಲ್ಲಿ ಕಾದಿದ್ದ ಆಮೆಯ ಬೆನ್ನೇರಿ ಮನೆಗೆ ಬಂದು ಜಗಲಿಯ ಮೇಲೆ ಕುಸಿದ. ಅಮಾವಾಸ್ಯೆ ಹತ್ತಿರ ಬಂದಿತ್ತು. ಚಂದಲೆ ಬಂದು ಪಕ್ಕದಲ್ಲಿ ಕುಳಿತಳು. ಅವಳಿಗೆ ಎಲ್ಲವನ್ನೂ ಹೇಳಬೇಕೆಂದು ಬಾಯಿ ತೆರೆದ. ನಾಲಗೆ ಎಂದೂ ಇಲ್ಲದಷ್ಟು ಬಿಗಿದುಕೊಂಡಿತು. ಒಂದು ಸಲ, ಮತ್ತೊಂದು ಸಲ, ಮತ್ತೂ ಒಂದು ಸಲ. ಊರಿನವರಾಗಿದ್ದರೆ ನಡುವೆಯೇ ತಾವೇ ಆ ಮಾತು ಹೇಳಿ ಮುಗಿಸಿ ಎದ್ದುಹೋಗುತ್ತಿದ್ದರು. ಚಂದಲೆ ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಕಾದಳು. ಅವನು ಹುಟ್ಟಿದಾಗಿನಿಂದ ಅವಳು ಹಾಗೆಯೇ ಕಾದವಳು. ಬೀದಿಯಲ್ಲಿ ಒಂದು ದನ ಹಾದುಹೋಯಿತು. ಎದುರು ಮನೆಯ ನೆರಳು ಮೆಟ್ಟಿಲು ಇಳಿಯಿತು. ಅವಳು ಕಾದಳು.

ಕೊನೆಗೆ ಮಾತು ಬಂತು. ಆದರೆ ಅದು ಅವನು ಹೇಳಬೇಕೆಂದಿದ್ದ ಮಾತಾಗಿರಲಿಲ್ಲ.

"ಅಕ್ಕಾ, ನಾನು ಎಷ್ಟು ಸಲ ತಡವರಿಸುತ್ತೇನೆ ಅಂತ ನೀನು ಎಂದಾದರೂ ಎಣಿಸಿದ್ದೀಯಾ?"

ಚಂದಲೆ ನಕ್ಕು ತಲೆಯಲ್ಲಾಡಿಸಿದಳು. ಅದನ್ನು ಯಾರಾದರೂ ಎಣಿಸುತ್ತಾರೆಯೇ, ಮಾತು ಬರುವ ತನಕ ಕೂತಿರುವುದು, ಬಂದ ಮೇಲೆ ಕೇಳುವುದು, ಅಷ್ಟೇ ಎಂಬಂತೆ ಕೈಯಾಡಿಸಿದಳು. ಇರುಗ ಎದ್ದು ನಿಂತ. ಅಕ್ಕನ ಪಾದ ಮುಟ್ಟಿ ನಮಸ್ಕರಿಸಿ ಗುರುಮನೆಯ ಕಡೆಗೆ ಓಡಿದ.

ಅವನು ಮೂರನೆಯ ಆಜ್ಞೆಯನ್ನು ಹೇಳಿ ತೋರಿಸಿದಾಗ ನಾಗಲಾಂಬೆಯ ಮುಖ ಬಿಳಿಚಿಕೊಂಡಿತು. ಅದರಲ್ಲಿ ಎಣಿಕೆಯೇ ಇರಲಿಲ್ಲ. ಅವಳು ಕಿಟಕಿಯ ಹೊರಗೆ ಗುಡಿಸಿದ ಕೊಳದ ಕಡೆ ಬೆರಳು ತೋರಿಸಿದಳು. ಇರುಗ ತಡೆತಡೆದು ಉತ್ತರ ಕೊಟ್ಟ. ಆ ರಾಣಿ 'ಇರು' ಎಂದಳು, ಎಲ್ಲಿಯವರೆಗೆ ಎನ್ನಲಿಲ್ಲ. ತಾನು ಎಲ್ಲಿಯವರೆಗೆ ಎಂಬುದನ್ನೇ ಮೊದಲು ಹೇಳುತ್ತಿದ್ದೇನೆ. ಮುಚ್ಚಿದ ಗೂಡು ಕಣ್ಣಿಗೆ ಬೀಳುತ್ತಿರುವ ತನಕ ಮಾತ್ರ. ಒಂದೂ ಇಲ್ಲವೆಂದಾಗ ಬೊಂಬೆ ತಾನಾಗಿ ನಿಲ್ಲುತ್ತದೆ.

ನಾಗಲಾಂಬೆ ಕಣ್ಣು ಮುಚ್ಚಿ ದೀಪದ ಮುಂದೆ ಕುಳಿತಳು. ಗುರುಮನೆಯ ಕಟ್ಟಳೆ ಅಂದರೆ ಅವಳಿಗೆ ಉಸಿರು. ಆದರೂ ಬೆಟ್ಟದೊಡೆಯ ನಮ್ಮ ತಪ್ಪುಗಳನ್ನು ಎಣಿಸಿ ಕ್ಷಮಿಸುವವನಲ್ಲ, ನಾವು ತಿರುಗಿ ಬರುವ ತನಕ ಕ್ಷಮಿಸುವವನು. ಅವಳಿಗೆ ಏನು ಹೊಳೆಯಿತೋ ಆ ಒಡೆಯನಿಗೇ ಗೊತ್ತು. ಕಣ್ಣು ತೆರೆದು, ಹಲಸಣ್ಣನ ಬಿರಟೆಯನ್ನು ತನ್ನ ಕೈಯಿಂದಲೇ ತೆಗೆದಳು.

ಇರುಗ ಹಾಡಿದ. ಆಮೆಗೆ ಉಂಡೆ ತಿನ್ನಿಸುವ ಆಜ್ಞೆ ಹಿಂದಿನಂತೆಯೇ ಬಟ್ಟಲಿನದು. ಆಮೇಲೆ: 'ಮುಚ್ಚಿದ ಗೂಡು ಇದೆಯೇ ನೋಡು. ಇರುವ ತನಕ: ತೆರೆ, ಮತ್ತೆ ನೋಡು.'

ಮೂರನೆಯ ಸಲ ಆಮೆ ಹನ್ನೊಂದು ಉಂಡೆ ತಿಂದು, ಬಾಯಿ ಚಪ್ಪರಿಸಿ, ಈ ಸಲ ಬೆಲ್ಲ ಚೆನ್ನಾಗಿದೆ ಎಂದು ಹೇಳಿ, ಇಬ್ಬರನ್ನೂ ದಾಟಿಸಿತು. ಹಲಸಣ್ಣ ಗವಿಯೊಳಗೆ ನಡೆದ. ನೋಡಿದ, ತೆರೆದ, ನೋಡಿದ, ತೆರೆದ. ಗವಿ ಕಿವಿಗೊಟ್ಟು ಕಾದಿತು, ಎಣಿಕೆ ಕೇಳಿಬರಲಿಲ್ಲ. ಎಣಿಕೆಯಿಲ್ಲದ ಮೇಲೆ ಯಾವುದಕ್ಕಿಂತ ಒಂದು ಹೆಚ್ಚು ಮೂಡೀತು? ಗೋಡೆ ಸುಮ್ಮನಿತ್ತು. ಹಕ್ಕಿಗಳು ಸಾಲುಸಾಲಾಗಿ ಹಾರಿದವು.

ಧೂಮಜಟ ಹೊಗೆಯಿಂದ ಹಾರಿ ಬಂದ. ಮಾಯೆ ಸಾಗದಿದ್ದಾಗ ಕೈಯಿಂದಲೇ ಒಂದು ಗೂಡನ್ನು ಪಟ್ಟನೆ ಮುಚ್ಚಿದ. ಅದು ಮುಚ್ಚುತ್ತಲೇ ಹಕ್ಕಿಗಳೆಲ್ಲ ಮರಳಿ ಬಂದವು, ಬಾಗಿಲುಗಳು ಬಿದ್ದವು. ಮಾಂತ್ರಿಕ ದಂಡನಾಯಕನ ಮನೆಯ ಅಡುಗೆಯಾಳಿನ ದನಿಯಲ್ಲಿ ಗಹಗಹಿಸಿ ನಕ್ಕ. ಹಲಸಣ್ಣ ನಗಲಿಲ್ಲ, ಅಳಲಿಲ್ಲ. ಮೊದಲ ಗೂಡಿಗೆ ಹೋಗಿ ನಿಂತ. ನೋಡಿದ, ತೆರೆದ.

ಮತ್ತೆ ಮುಚ್ಚಿದ ಧೂಮಜಟ. ಮತ್ತೆ ತೆರೆದ ಹಲಸಣ್ಣ.

ಗವಿಯ ಬಾಯಲ್ಲಿ ನಿಂತಿದ್ದ ಇರುಗನಿಗೆ ದಿಗಿಲಾಯಿತು. ಈ ಆಟಕ್ಕೆ ಕೊನೆಯೇ ಇಲ್ಲವಲ್ಲ! ಕೊನೆ ಇದೆ ಎಂದು ಗುರುವಿನ ಮುಂದೆ ಆಣೆ ಮಾಡಿದಂತೆ ಹೇಳಿ ಬಂದಿದ್ದ. ಮಾಂತ್ರಿಕ ಮುಚ್ಚುತ್ತಿರುವ ತನಕ ಮುಚ್ಚಿದ ಗೂಡು ಇದ್ದೇ ಇರುತ್ತದೆ, ಮುಚ್ಚಿದ ಗೂಡು ಇರುವ ತನಕ ಹಲಸಣ್ಣ ನಿಲ್ಲುವುದಿಲ್ಲ. ಆ ರಾಣಿಯ ಬೊಂಬೆಯಂತೆ ಇವನೂ ಇಲ್ಲೇ ಸವೆದುಹೋದರೆ? ಅಕ್ಕನ ಹಕ್ಕಿ ಕಲ್ಲಾದರೆ? ತಿದ್ದಿ ಹೇಳೋಣವೆಂದರೆ ಕಿವಿಗೆ ಬಿರಟೆ. ಅವನಿಗೆ ಮಾಡಲು ಏನೂ ಉಳಿದಿರಲಿಲ್ಲ. ಒಡೆಯಾ, ನನಗೆ ತಿಳಿದಷ್ಟು ಹೇಳಿದ್ದೇನೆ, ಮಿಕ್ಕಿದ್ದು ನಿನ್ನದು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಅಲ್ಲೇ ಕುಳಿತ, ಅಕ್ಕ ಕುಳಿತಿದ್ದ ಹಾಗೆ.

ಕುಳಿತು ನೋಡುತ್ತಾ ನೋಡುತ್ತಾ ಅವನಿಗೊಂದು ವಿಷಯ ಕಂಡಿತು. ಹಲಸಣ್ಣನ ಹೆಜ್ಜೆ ಬೆಳಗ್ಗೆ ಹೇಗಿತ್ತೋ ಹಾಗೆಯೇ ಇತ್ತು. ಧೂಮಜಟನ ಹೆಜ್ಜೆ ಹಾಗಿರಲಿಲ್ಲ. ಜಡೆಯ ಹೊಗೆ ತೆಳುವಾಗಿತ್ತು. ಮುಚ್ಚಲು ಓಡುವವನು ನಡುನಡುವೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಮರಕ್ಕೆ ದಣಿವಿಲ್ಲ. ಮಾಂತ್ರಿಕನಾದರೂ ಮನುಷ್ಯ ಮನುಷ್ಯನೇ.

ಬಿಸಿಲು ಇಳಿಯುವ ಹೊತ್ತಿಗೆ ಅವನಿಗೆ ಓಡಲಾಗಲಿಲ್ಲ. ಗವಿಯ ಮೂಲೆಯಲ್ಲಿ, ಹಲಸಣ್ಣನ ಕೈ ಇನ್ನೂ ತಲುಪದಿದ್ದ, ಜೇಡರಬಲೆ ಕಟ್ಟಿದ ಹಳೆಯ ಗೂಡೊಂದಿತ್ತು. ಅದರ ಬಾಗಿಲಿಗೆ ಬೆನ್ನು ಒತ್ತಿ ಕುಸಿದು ಕುಳಿತ. ಹಲಸಣ್ಣ ಉಳಿದದ್ದನ್ನೆಲ್ಲ ತೆರೆಯುತ್ತಾ ಬಂದು ಅವನ ಎದುರು ನಿಂತ. ಕೈ ಚಾಚಿದ. ಬಾಗಿಲು ಸಿಗಲಿಲ್ಲ. ಮತ್ತೆ ಚಾಚಿದ. ಒಂದು ಗೂಡು ಮುಚ್ಚಿದೆ, ಬೊಂಬೆಯ ಕೈ ಇನ್ನೂ ನಿಂತಿಲ್ಲ; ಹಾಗಾಗಿ ಹೊರಗೆ ಹಕ್ಕಿಗಳು ಹೋಗಲೂ ಆಗದೆ ಬರಲೂ ಆಗದೆ ಗವಿಯ ಬಾಯಲ್ಲೇ ಸುತ್ತುತ್ತಿದ್ದವು. ಹಕ್ಕಿಗಳೆಲ್ಲ ಹೊರಗಿದ್ದುದರಿಂದ ಮಾಂತ್ರಿಕನಿಗೆ ಮಾತಾಡಲು ಒಂದು ದನಿಯೂ ಉಳಿದಿರಲಿಲ್ಲ. ಬಾಯಿ ತೆರೆದ, ಬರೀ ಏದುಸಿರು ಬಂತು. ತುಟಿ ಒಣಗಿ ಬಿರುಕು ಬಿಟ್ಟಿತ್ತು.

ಇರುಗನಿಗೆ ಸಿಟ್ಟು ಬರಬೇಕಿತ್ತು. ಅಕ್ಕನ ದನಿ ಕದ್ದವನು ಅವನೇ. ಆದರೆ ದನಿ ಹೊರಡದೆ ಬಾಯಿ ತೆರೆದು ಒದ್ದಾಡುವುದು ಹೇಗಿರುತ್ತದೆಂದು ಇರುಗನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವನು ಒಳಗೆ ನಡೆದು, ಸೊಂಟದಲ್ಲಿದ್ದ ನೀರಿನ ಸೋರೆಬುರುಡೆಯನ್ನು ಬಿಚ್ಚಿ, ಮುಂದೆ ಹಿಡಿದ.

"ನೀ… ನೀರು ಕುಡಿಯಿರಿ. ದಣಿದಿದ್ದೀರಿ."

ಧೂಮಜಟ ಅವನ ಮುಖ ನೋಡಿದ, ಬುರುಡೆ ನೋಡಿದ. ಎಷ್ಟೋ ಹೊತ್ತು ನೋಡಿದ. ಇರುಗ ಹಿಡಿದೇ ನಿಂತಿದ್ದ. ಕೊನೆಗೆ ಮಾಂತ್ರಿಕ ಎರಡೂ ಕೈಯಿಂದ ಬುರುಡೆ ಹಿಡಿದು, ಕುಡಿಯಲು ಮುಂದಕ್ಕೆ ಬಾಗಿದ. ಬೆನ್ನು ಬಾಗಿಲಿನಿಂದ ಸರಿಯಿತು. ಹಲಸಣ್ಣ ನೋಡಿದ. ತೆರೆದ.

ಒಳಗಿನಿಂದ ಬಂದದ್ದು ಪುಕ್ಕವೂ ಸರಿಯಾಗಿ ಬಲಿಯದ ಮರಿಹಕ್ಕಿ. ಅದಕ್ಕೆ ಹಾರಲು ಬರಲಿಲ್ಲ. ತಟಪಟ ಕುಪ್ಪಳಿಸಿ ಧೂಮಜಟನ ತೊಡೆಯೇರಿ, ಎದೆಯೇರಿ, ತುಟಿಯೊಳಗೆ ಹೊಕ್ಕಿತು. ಮುದುಕನ ಬಾಯಿಂದ ನಾಲ್ಕೈದು ವರ್ಷದ ಮಗುವಿನ ದನಿ ಹೊರಟಿತು.

"ಅವ್ವಾ."

ಅಷ್ಟೇ ಅಂದ. ಅಂದು, ಮುಖ ಮುಚ್ಚಿಕೊಂಡು ಅತ್ತ. ಮಗುವಾಗಿದ್ದಾಗ ಒಂದು ದಿನ ಅವ್ವನನ್ನು ಕೂಗಿದನಂತೆ. ಅವ್ವ ಏಳಲಿಲ್ಲ. ಕೂಗಿ ಕೂಗಿ, ಆಮೇಲೆ ಕೂಗುವ ದನಿಯ ಮೇಲೆಯೇ ಮುನಿಸಿಕೊಂಡು ಅದನ್ನು ಗೂಡಿನಲ್ಲಿಟ್ಟು ಬಾಗಿಲು ಮುಚ್ಚಿದನಂತೆ. ಅಂದಿನಿಂದ ಯಾರು ಯಾರನ್ನು ಕೂಗಿದರೂ, ಯಾರು ಓಗೊಟ್ಟರೂ ಹೊಟ್ಟೆಯಲ್ಲಿ ಬೆಂಕಿ. ಇದನ್ನೆಲ್ಲ ಅವನು ಆ ಮಗುವಿನ ದನಿಯಲ್ಲೇ ಇರುಗನಿಗೆ ಹೇಳಿದ. ಇರುಗ ನಡುವೆ ಮಾತಾಡದೆ ಕೇಳಿದ.

ಮುಚ್ಚಿದ ಗೂಡು ಗವಿಯಲ್ಲಿ ಒಂದೂ ಉಳಿದಿರಲಿಲ್ಲ. ಹಲಸಣ್ಣ ಸುತ್ತ ನೋಡಿದ, ಇನ್ನೊಮ್ಮೆ ನೋಡಿದ, ಕೈ ಇಳಿಬಿಟ್ಟು ಸುಮ್ಮನೆ ನಿಂತ. ಅವನು ನಿಂತದ್ದೇ ತಡ, ಗೂಡುಗಳ ಒಣಬಿದಿರು ಚಿಗುರಿ ಹಸಿರಾಯಿತು, ಗವಿ ತುಂಬ ಎಲೆ ಅಲ್ಲಾಡಿತು. ಹಕ್ಕಿಗಳು ಸರೋವರದ ಮೇಲೆ ಹಾರಿ ಊರಿನ ಕಡೆಗೆ ಹೋದವು. ಮಾಂತ್ರಿಕನ ಜಡೆಯಲ್ಲಿ ಹೊಗೆಯಿರಲಿಲ್ಲ. ಬರೀ ನರೆಗೂದಲಿತ್ತು.

ಇರುಗ ಅವನ ಕೈಹಿಡಿದು ಎಬ್ಬಿಸಿದ. ಮೂವರನ್ನೂ ಹೊತ್ತುಕೊಳ್ಳಲು ಆಮೆ ಸ್ವಲ್ಪ ಗೊಣಗಿತು, ಆಮೇಲೆ ಹೊತ್ತುಕೊಂಡಿತು. ಆಚೆ ದಡದಲ್ಲಿ ಊರಿಗೆ ಊರೇ ನೆರೆದಿತ್ತು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಅರಸ ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದ. ಧೂಮಜಟನನ್ನು ಕಂಡು ದಂಡನಾಯಕ ಕತ್ತಿಗೆ ಕೈ ಹಾಕಿದ. ಗುಂಪು ತೆಪ್ಪಗಾಯಿತು.

ಚಂದಲೆ ಗುಂಪು ಸರಿಸಿಕೊಂಡು ಮುಂದೆ ಬಂದಳು. ತಮ್ಮನ ತಲೆ ಸವರಿದಳು, ಕಣ್ಣೊರೆಸಿಕೊಂಡಳು. ಆಮೇಲೆ ನಡುಗುತ್ತಾ ನಿಂತಿದ್ದ ಮುದುಕನ ಕಡೆ ತಿರುಗಿದಳು. ಮರಳಿ ಬಂದ ದನಿಯಲ್ಲಿ ಅವಳು ಆಡಿದ ಮೊದಲ ಮಾತು ಇದು:

"ಊಟ ಆಯ್ತೇನಪ್ಪಾ ನಿಂದು?"

ಮುದುಕ ಇಲ್ಲವೆಂದು ತಲೆಯಾಡಿಸಿದ. ದಂಡನಾಯಕ ಕತ್ತಿಯಿಂದ ಕೈ ತೆಗೆದ. ಹಸಿದವನನ್ನು ಕಡಿಯುವ ಪದ್ಧತಿ ಮಂದಾರವತಿಯಲ್ಲಿ ಇರಲಿಲ್ಲ. ಉಂಡವನನ್ನು ಕಡಿಯುವುದಂತೂ ಇನ್ನೂ ಕಷ್ಟ.

ಚಂದಲೆ ಅವನನ್ನು ಮನೆಗೆ ಕರೆದುಕೊಂಡು ಹೋಗಿ ಎಲೆ ಹಾಕಿದಳು. ಅನ್ನ ಬಡಿಸಿದಳು, ಸಾರು ಬಡಿಸಿದಳು. ಅವನು ತಿಂದ. ಮತ್ತೆ ಬಡಿಸಿದಳು. ಮತ್ತೆ ತಿಂದ. ಬಡಿಸುವವರು ಬಂದಾಗ ಏನು ಹೇಳಬೇಕೆಂದು ಅವನಿಗೆ ಗೊತ್ತಿರಲಿಲ್ಲ, ಅವನಿಗೆ ಯಾರೂ ಬಡಿಸಿಯೇ ಇರಲಿಲ್ಲ. ಅವಳೂ ಕೇಳಲಿಲ್ಲ, ಕೈ ನಿಲ್ಲಿಸಲಿಲ್ಲ. ಅನ್ನದ ಪಾತ್ರೆ ಅರ್ಧಕ್ಕಿಳಿಯಿತು. ಇರುಗ ಮೆಲ್ಲನೆ ಪಕ್ಕದ ಮನೆಯಿಂದ ಇನ್ನೊಂದು ಪಾತ್ರೆ ತಂದಿಟ್ಟ. ಕೊನೆಗೆ ಮುದುಕ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ. ಚಂದಲೆಯ ಮುಖ ನೋಡಿದ. ಪುಟ್ಟ ದನಿಯಲ್ಲಿ, ಜನ್ಮದಲ್ಲೇ ಮೊದಲ ಸಲ, ಹೇಳಿದ:

"ಸಾಕವ್ವಾ."

ಸೌಟು ನಿಂತಿತು.

ಅಂದಿನಿಂದ ಮಂದಾರವತಿಯಲ್ಲಿ ಕೂಗಿದವರಿಗೆ ಓಗೊಡದ ಮನೆ ಇರಲಿಲ್ಲ. ಅವರೆಲ್ಲ ಬೆಟ್ಟದೊಡೆಯನ ನೆರಳಿನಲ್ಲಿ ತಣ್ಣಗೆ ಬಾಳಿದರು. ಕತೆ ಕೇಳಿದ ನಿಮ್ಮನ್ನೂ ಆ ಒಡೆಯ ಸುಖವಾಗಿಡಲಿ. ಎಷ್ಟು ಕಾಲ ಎಂದು ನಾನು ಹೇಳುವುದಿಲ್ಲ. ನಿಮ್ಮ ಮನಸ್ಸು ತುಂಬುವ ತನಕ.